ನಾಲ್ಕು ಎಣ್ಣೆಯ ಬಾಗಿಲು

ನಾನು ಒಂದು ಬಾಗಿಲು. ಯಾವ ಮನೆಯವರೂ ಕೇಳಿ ಮಾಡಿಸಿದ ಬಾಗಿಲಲ್ಲ. ಗೋಡೆಗೆ ಒರಗಿಸಿಟ್ಟು ಗಿರಾಕಿಗಳಿಗೆ ತೋರಿಸಲೆಂದು ಹುಟ್ಟಿದವನು.

ಧಾರವಾಡದಿಂದ ಹಳಿಯಾಳದ ಕಡೆ ಹೋಗುವ ರಸ್ತೆಯಲ್ಲಿ ಮೌನೇಶಪ್ಪ ಬಡಿಗೇರನ ಅಂಗಡಿ ಇತ್ತು. ಬಾಗಿಲು ಮಾಡಿಸಲು ಬಂದವರು ಮರದ ಮಾತು, ಅಳತೆಯ ಮಾತು ಎಲ್ಲ ಮುಗಿಸಿ ಕೊನೆಗೆ ಒಂದೇ ಪ್ರಶ್ನೆಗೆ ಜೋತುಬೀಳುತ್ತಿದ್ದರು. ಎಣ್ಣೆ ಯಾವುದು ಹಚ್ಚಬೇಕು? ಒಬ್ಬ ಅಗಸೆ ಅನ್ನುವನು, ಇನ್ನೊಬ್ಬ ಬೇವು ಅನ್ನುವನು. ಮೂರನೆಯವನು ಮನೆಯಲ್ಲಿರುವ ಶೇಂಗಾ ಎಣ್ಣೆಯನ್ನೇ ಒರೆಸಿದರಾಗದೇ ಎಂದು ಕೇಳುವನು. ಹೇಳಿ ಹೇಳಿ ಮೌನೇಶಪ್ಪನ ಗಂಟಲು ಒಣಗಿತು. ಒಂದು ದಿನ ಸಿಟ್ಟಿನಿಂದಲೇ ಎದ್ದು ನನ್ನನ್ನು ಮಾಡಿದ. ಸುತ್ತಲಿನ ಕಟ್ಟು ಸಾಗವಾನಿ. ನಡುವೆ ನಾಲ್ಕು ಹಲಗೆ, ಮೇಲೆರಡು ಕೆಳಗೆರಡು, ಎಲ್ಲ ಮಾವು.

"ಸಾಗವಾನಿ ಮ್ಯಾಲ ಏನ್ ಹಚ್ಚಿದ್ರೂ ಚಂದ ಕಾಣತೈತಿ," ಎಂದ ಅವನು. "ಮಾವಿನ ಮ್ಯಾಲ ಹಚ್ಚು, ಫಕೀರವ್ವಾ. ಎಣ್ಣಿ ಬಣ್ಣ ಬಯಲಾಗತೈತಿ."

ಫಕೀರವ್ವ ಆ ಅಂಗಡಿಯ ಪಾಲಿಶ್ ಕೆಲಸದವಳು. ಅವಳ ಅಂಗೈ ನನಗಿಂತ ಒರಟು. ಪಾಲಿಶ್ ಪೇಪರಿನಿಂದ ನನ್ನ ಮೈ ತಿಕ್ಕಿ, ಒಂದೊಂದು ಹಲಗೆಗೆ ಒಂದೊಂದು ಎಣ್ಣೆ ಕುಡಿಸಿದಳು. ಮೇಲೆ ಎಡಕ್ಕೆ ಅಗಸೆ, ಮೇಲೆ ಬಲಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ, ಕೆಳಗೆ ಎಡಕ್ಕೆ ಬೇವು, ಕೆಳಗೆ ಬಲಕ್ಕೆ ಶೇಂಗಾ. ಸಾಗವಾನಿ ಕಟ್ಟಿಗೂ ಅಗಸೆಯೇ. ಆಮೇಲೆ ಗಿರಾಕಿ ಬಂದಾಗಲೆಲ್ಲ ನನ್ನ ಮುಂದೆ ನಿಂತು ನಾಲ್ವರು ಅಳಿಯಂದಿರ ಕಥೆ ಹೇಳುತ್ತಿದ್ದಳು.

"ಈ ಅಗಸಿ ಅಳಿಯ ನೋಡ್ರಿ, ಭಾಳ ನಿಧಾನ. ಒಣಗಾಕ ನಾಕು ದಿನ ತಗೋತಾನ. ಒಣಗಿದ ಅಂದ್ರ ಮನಿ ಬಿಟ್ಟು ಅಳ್ಳಾಡಂಗಿಲ್ಲ. ಈ ಗೇರು ಅಳಿಯ ಕರೇ ಮಾರಿಯಾಂವ, ಕೈಗೆ ಹತ್ತಿದ್ರ ಚರ್ಮ ಸುಡತಾನ, ಆದ್ರ ಹುಳ ಹತ್ರ ಬರಂಗಿಲ್ಲ. ಬೇವಿನಾಂವ ಪೂರಾ ಒಣಗೂದಿಲ್ಲ, ನಾರತಾನ, ಮನಿಗೆ ಬಂದ ಬೀಗರು ಚಾ ಕುಡೀದ ಎದ್ದು ಹೋಗತಾರ. ಇನ್ನ ಈ ಶೇಂಗಾ! ಮದಿವಿ ದಿನ ಬಂಗಾರ. ಹದಿನೈದು ದಿನಕ್ಕ ಮುಟ್ಟಿ ನೋಡ್ರಿ, ಜಿಗಟು!"

ಗಿರಾಕಿ ಮುಟ್ಟಿ ನೋಡಿ ಕೈ ಒರೆಸಿಕೊಳ್ಳುತ್ತಿದ್ದ. ನಗು. ನನಗೆ ಮಾತ್ರ ನಾಚಿಕೆ. ಆ ಮೂಲೆಯಲ್ಲಿ ಧೂಳು ಅಂಟಿತು, ಎಣ್ಣೆ ಮುಗ್ಗಲು ಹಿಡಿಯಿತು, ಆ ವಾಸನೆಗೆ ಇಲಿ ಬಂದು ಹಲ್ಲು ಮಸೆಯಿತು. ಇಷ್ಟೊಂದು ಒಳ್ಳೆಯ ಮೈಯಲ್ಲಿ ಇದೊಂದು ಹುಣ್ಣು ಯಾಕೆ ಇಟ್ಟರೋ ಎಂದು ಕೊರಗುತ್ತಿದ್ದೆ.

ಫಕೀರವ್ವನಿಗೆ ಒಂದು ಪದ್ಧತಿ ಇತ್ತು. ಸಂಜೆ ಕೆಲಸ ಮುಗಿದ ಮೇಲೆ ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನೆಲ್ಲ ಅಂಗಳದ ತಂತಿಯ ಮೇಲೆ ಒಂದೊಂದಾಗಿ ಹರವುತ್ತಿದ್ದಳು. ಮಳೆ ಬಂದರೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸುತ್ತಿದ್ದಳು. ಅಗಸೆ ಎಣ್ಣೆ ಒಣಗುತ್ತಾ ಬಿಸಿಯಾಗುತ್ತದೆ. ಹರವಿದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ತುರುಕಿದರೆ ಒಳಗೊಳಗೇ ಏರಿ ಏರಿ ತಾನೇ ಹೊತ್ತಿಕೊಳ್ಳುತ್ತದೆ. ಕಡ್ಡಿ ಗೀರುವುದೇ ಬೇಡ. ಹೊಸದಾಗಿ ಕೆಲಸಕ್ಕೆ ಸೇರಿದ ಮಾಬುನ್ನಿಗೂ ನೀಲವ್ವನಿಗೂ ಅವಳು ಮೊದಲು ಕಲಿಸಿದ ಪಾಠ ಅದೇ: "ಎಣ್ಣಿ ಬಟ್ಟಿಗೂ ಉಸಿರಾಡಾಕ ಜಾಗ ಬೇಕವಾ."

ಮೌನೇಶಪ್ಪನಿಗೆ ಕಣ್ಣು ಮಂಜಾದವು. ಅಂಗಡಿಯನ್ನು ಗಂಗಾಧರ ಸಾವಕಾರ ಕೊಂಡ. ಅವನು ದೊಡ್ಡ ಕೆಲಸ ಹಿಡಿಯುವವನು. ಹಿತ್ತಿಲಲ್ಲಿ ತಗಡಿನ ಶೆಡ್ ಎಬ್ಬಿಸಿ ಪಾಲಿಶ್ ಕೆಲಸವನ್ನು ಅದರೊಳಗೆ ಹಾಕಿದ. ಶೆಡ್ಡಿಗೆ ಬಾಗಿಲು ಬೇಕಿತ್ತು. ಮಾರಾಟಕ್ಕೆ ಬಾರದ ನಾನು ಕಣ್ಣಿಗೆ ಬಿದ್ದೆ. ಹೀಗೆ ನನಗೂ ಒಂದು ಚೌಕಟ್ಟು ಸಿಕ್ಕಿತು. ಮೊದಲ ಸಲ ತಿರುಗಣಿಯ ಮೇಲೆ ತಿರುಗಿದ ದಿನ ನನಗಾದ ಹಿಗ್ಗು ಹೇಳತೀರದು. ತೆರೆಯುವುದು, ಮುಚ್ಚುವುದು. ಬಾಗಿಲಿನ ಬಾಳು ಅಂದರೆ ಇದೇ ಅಲ್ಲವೇ?

ತೆರೆಯುವುದು ಬರಬರುತ್ತ ಕಡಿಮೆಯಾಯಿತು.

ಒಂದು ಕಲ್ಯಾಣಮಂಟಪದ ಬಾಗಿಲುಗಳೆಲ್ಲ ಆ ಬೇಸಿಗೆ ನಮ್ಮಲ್ಲೇ ತಯಾರಾಗುತ್ತಿದ್ದವು. ಹಸಿ ಎಣ್ಣೆಯ ಮೇಲೆ ರಸ್ತೆಯ ಧೂಳು ಕೂತು ಚುಕ್ಕಿ ಚುಕ್ಕಿಯಾಗುತ್ತಿತ್ತು. ಅದು ನಿಜ. ಧೂಳಿಗೆಂದು ಕಿಟಕಿಗಳಿಗೆ ಪ್ಲಾಸ್ಟಿಕ್ ಹೊಡೆದರು. ನನ್ನನ್ನು ಮುಚ್ಚಿದರು. ಸೆಖೆ ತಾಳದೆ ಹೆಂಗಸರು ತೆರೆದರು. ಸಾವಕಾರ ನನ್ನ ಹೊರಮೈಗೆ ಚಿಲಕ ಹೊಡೆಸಿದ. ಕಾವಲಿನ ಅಡಿವೆಪ್ಪ ಪಾಪ ಎಂದು ಚಿಲಕ ತೆಗೆದುಕೊಟ್ಟ. ಆಗ ಸಾವಕಾರ ಬೀಗ ತಂದ. ಬೀಗದ ಕೈ ಅವನ ಅಂಗಿಯ ಕಿಸೆಗೆ ಹೋಯಿತು. ಧೂಳಿಗೆ ಬೀಗ ತೆರೆಯಲು ಬರುವುದಿಲ್ಲ ಎಂಬುದು ನನ್ನಂಥ ಮರಕ್ಕೂ ಗೊತ್ತು. ಆ ಬೀಗ ಧೂಳಿಗೆ ಹಾಕಿದ್ದಲ್ಲ.

ಅಂಗಳದ ತಂತಿಯನ್ನೂ ಅವನೇ ಕಿತ್ತಿಸಿದ.

"ಗಿರಾಕಿ ಬರೂ ಜಾಗದಾಗ ಚಿಂದಿ ನೇತಾಕೀರಿ. ಇದೇನ್ ಅಂಗಡೀನೋ, ಹಳೇ ಬಟ್ಟಿ ಸಂತೀನೋ? ಚೀಲದಾಗ ತುಂಬಿ ಒಳಗ ಇಡ್ರಿ."

"ಸಾವ್ಕಾರ್ರ, ಅದು ತಾನ ಕುದೀತೈತ್ರಿ," ಎಂದಳು ಫಕೀರವ್ವ.

"ಒಲಿ ಇಲ್ದ ಕುದಿಯೂ ಎಣ್ಣಿ ಇದ್ರ ನಮ್ಮನಿಗೂ ಒಂದೀಟು ಕಳಸವಾ. ಗ್ಯಾಸ್ ಉಳಿತೈತಿ."

ಅವನು ನಕ್ಕ. ಬೀಗದ ಕೊಂಡಿ ಟಕ್ಕೆಂದಿತು.

ಅಲ್ಲಿಂದ ನನ್ನ ಒಳಮೈ ಒಂದು ಲೋಕ, ಹೊರಮೈ ಒಂದು ಲೋಕ. ಹೊರಗೆ ತಣ್ಣನೆಯ ಕಬ್ಬಿಣ. ಒಳಗೆ ಬೆವರಿನ ಅಂಗೈಗಳು. ನೀರಿಗೆ ಹೋಗಬೇಕೆಂದರೂ, ಹೊರಕಡೆಗೆ ಹೋಗಬೇಕೆಂದರೂ ಅವರು ನನ್ನನ್ನು ಬಡಿಯಬೇಕು. ಸಾವಕಾರ ಇದ್ದರೆ ತೆರೆಯುವನು, ಗೊಣಗುವನು. ಇಲ್ಲದಿದ್ದರೆ ತಡೆದುಕೊಳ್ಳಬೇಕು. ನಲ್ಲಿ ಹೊರಗಿದ್ದುದರಿಂದ ಬಟ್ಟೆ ಮುಳುಗಿಸುವ ಬಕೆಟ್ಟೂ ಹೊರಗೇ ಉಳಿಯಿತು. ಒಳಗೆ ಕುಡಿಯಲು ಕೊಟ್ಟ ಒಂದು ಕೊಡ ನೀರಿನಲ್ಲೇ ಅವರು ಕೈ ತೊಳೆಯುತ್ತಿದ್ದರು, ನನ್ನ ಬುಡದಲ್ಲಿ. ಆ ನೀರು ಶೇಂಗಾ ಹಲಗೆಗೆ ಇಳಿಯಿತು. ಗೆದ್ದಲು ಅದರ ಹಿಂದೆಯೇ ಬಂತು. ಮೂಲೆಯಲ್ಲಿ ಚೀಲ ದಿನದಿನಕ್ಕೆ ಉಬ್ಬಿತು.

ನೀಲವ್ವ ಒಂದು ಮಧ್ಯಾಹ್ನ ನನ್ನ ಬುಡಕ್ಕೆ ಒರಗಿ ಕೂತು ಅಂದಿದ್ದಳು, "ಎತ್ತಿಗೂ ಹಗ್ಗ ಉದ್ದ ಬಿಟ್ಟು ಕಟ್ತಾರ, ಅತ್ತಿ."

"ಎತ್ತು ಹಾಯತೈತಿ, ಅದಕ," ಎಂದಳು ಫಕೀರವ್ವ. "ನಾವು ಹಾಯೂದು ಯಾವಾಗ ಕಲೀತೀವಿ?"

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ತಗಡು ಕಾದು ಚಿಟಿಚಿಟಿ ಅನ್ನುತ್ತಿತ್ತು. ಸಾವಕಾರ ಬೀಗ ಹಾಕಿ ಊಟಕ್ಕೆ ಮನೆಗೆ ಹೋಗಿದ್ದ. ಮೊದಲು ವಾಸನೆ ಬಂತು, ಹುರಿದ ಅಗಸೆಯಂಥ ವಾಸನೆ. ಮಾಬುನ್ನಿ, "ಯಾರರ ಚಟ್ನಿಪುಡಿ ಮಾಡಾಕತ್ತಾರೇನ?" ಎಂದಳು. ಫಕೀರವ್ವ ಕೈಯಲ್ಲಿದ್ದ ಬಟ್ಟೆ ಬಿಟ್ಟು ತಿರುಗಿದಳು. ಚೀಲದ ಬಾಯಿಂದ ಹೊಗೆ ಎಳೆ ಎಳೆಯಾಗಿ ಏಳುತ್ತಿತ್ತು. ಅವಳು ಕೊಡದ ನೀರೆಲ್ಲ ಸುರಿದಳು. ಕೊಡದಲ್ಲಿ ಇದ್ದದ್ದು ಅರ್ಧ. ಚೀಲ ಒಡೆದು ಬೆಂಕಿ ಎದ್ದಿತು, ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ್ದ ಹಸಿ ಎಣ್ಣೆಯ ಬಾಗಿಲುಗಳನ್ನು ಹಿಡಿಯಿತು.

ಆರು ಅಂಗೈಗಳು ನನ್ನ ಮೇಲೆ ಬಿದ್ದವು.

"ಅಡಿವೆಪ್ಪಣ್ಣಾ! ಕೀಲಿ ತಗೀಯೋ!"

ಅಡಿವೆಪ್ಪ ಹೊರಗೆ ಕಲ್ಲು ತಂದು ಆ ಕೀಲಿಯನ್ನೇ, ಬೀಗವನ್ನೇ ಜಜ್ಜುತ್ತಿದ್ದ. ಬೀಗ ಗಟ್ಟಿಮುಟ್ಟು. ನಾನೂ ಗಟ್ಟಿಮುಟ್ಟು. ಅದೇ ನನ್ನ ಪಾಪ. ನೀಲವ್ವ ಮರದ ಕೊಡತಿ ಎತ್ತಿ ಎದೆಯ ಎತ್ತರಕ್ಕೆ ಹೊಡೆದಳು. ಕೈ ಹೋಗುವುದೇ ಅಲ್ಲಿಗಲ್ಲವೇ. ಅಗಸೆ ಹಲಗೆ ಖಣ್ ಎಂದು ಕೊಡತಿಯನ್ನು ತಿರುಗಿ ಕಳಿಸಿತು. ಗೇರು ಹಲಗೆಗೆ ಹೊಡೆದಳು. ಗೀರು ಸಹ ಬೀಳಲಿಲ್ಲ. ವರ್ಷಗಟ್ಟಲೆ ಕುಡಿದ ಎಣ್ಣೆ ನನ್ನನ್ನು ಕಲ್ಲು ಮಾಡಿತ್ತು. ಸೀಳು, ಮುರಿ, ಬೂದಿಯಾಗು ಎಂದು ನನಗೆ ನಾನೇ ಹೇಳಿಕೊಂಡೆ. ಮರ ಮಾತು ಕೇಳುವುದಿಲ್ಲ.

ಆಗ ಹೊಗೆಯೊಳಗಿಂದ ಫಕೀರವ್ವನ ದನಿ ಬಂತು. "ಮ್ಯಾಲ ಅಲ್ಲ, ನೀಲೀ! ಕೆಳಗ! ಬಲಕ್ಕ! ಶೇಂಗಾಕ್ಕ ಒದಿ!"

ನೀಲವ್ವ ಕೂತು ಎರಡೂ ಕಾಲಿನಿಂದ ಒದ್ದಳು. ಇಲಿ ಕಡಿದ, ನೀರು ಕುಡಿದ, ಗೆದ್ದಲು ತಿಂದ ನನ್ನ ಆ ನಾಚಿಕೆಯ ಮೂಲೆ ಹಪ್ಪಳದಂತೆ ಮುರಿಯಿತು. ಮಾಬುನ್ನಿಯನ್ನು ತೂರಿಸಿದರು. ಫಕೀರವ್ವ ನೀಲವ್ವನ ಬೆನ್ನಿಗೆ ಕೈಹಚ್ಚಿ ನೂಕಿದಳು. ಕೊನೆಗೆ ತಾನು ತಲೆ ಹಾಕಿದಳು, ಭುಜ ಹಾಕಿದಳು. ಅಷ್ಟಕ್ಕೆ ಅವಳ ಉಸಿರು ಮುಗಿದಿತ್ತು. ಇಬ್ಬರೂ ಹೊರಗಿನಿಂದ ಎಳೆದರು. ಅರ್ಧ ಹೊರಗೆ, ಅರ್ಧ ಒಳಗೆ, ನನ್ನ ಮೈಯೊಳಗೇ ಅವಳು ಸತ್ತಳು. ನನಗೆ ಎಣ್ಣೆ ಕುಡಿಸಿದ ಆ ಕೈ ಅಂಗಳದ ಧೂಳಿನಲ್ಲಿ ಚಾಚಿಕೊಂಡಿತ್ತು.

ಒಡಕಿನಿಂದ ಹೊರಬಿದ್ದ ಹೊಗೆ ನನ್ನ ಹೊರಮೈಯನ್ನು ನೆಕ್ಕುತ್ತಾ ಮೇಲೇರಿತು. ಸಾವಕಾರ ಬಂದ. ತನ್ನ ಕೈಯಾರೆ ಬೀಗ ತೆರೆದು ಕಿಸೆಗೆ ಹಾಕಿಕೊಂಡ. ಆಮೇಲೆ ಬಾಯಿ ಬಡಿದುಕೊಂಡ.

ಪೊಲೀಸರ ಮುಂದೆ ಅವನು ಹೇಳಿದ್ದನ್ನು ನಾನು ಕೇಳಿದ್ದೇನೆ. "ಚಿಲಕ ತಗದಽ ಇತ್ರಿ, ಬಾಗಲಾ ಸುಮ್ಮ ಮುಂದ ಮಾಡಿತ್ತು. ಗಾಬರಿಯೊಳಗ ಅವರಿಗೆ ತಿಳೀಲಿಲ್ಲ. ಚಿಂದಿ ಕೂಡಿಟ್ಟಾಕಿ ಆ ಮುದುಕೀನ ರೀ." ಅವನ ಕೂಲಿಯನ್ನೇ ತಿನ್ನಬೇಕಾದ ಅಡಿವೆಪ್ಪ ನೆಲ ನೋಡುತ್ತಾ, ತಾನು ಚಹಾಕ್ಕೆ ಹೋಗಿದ್ದೆ ಎಂದ. ಬೀಗ ಹಾಕಿತ್ತೆಂದು ನೀಲವ್ವ, ಮಾಬುನ್ನಿ ಹೇಳಿದರು, ತೋರಿಸಲು ಬೀಗವೇ ಇರಲಿಲ್ಲ. ಸತ್ತವಳ ಮೇಲೆ ತಪ್ಪು ಹೊರಿಸುವುದು ಎಷ್ಟು ಸಲೀಸು ನೋಡಿ. ಅವಳು ತಿರುಗಿ ಮಾತಾಡುವುದಿಲ್ಲ. ಬಾಗಿಲೂ ಮಾತಾಡುವುದಿಲ್ಲ ಎಂದು ಅವನು ನಂಬಿದ್ದ.

ನನ್ನನ್ನು ತಿರುಗಣಿಯಿಂದ ಬಿಚ್ಚಿ, ಚಿಲಕವನ್ನೂ ಕಿತ್ತು ಬೇರೆ ಪೊಟ್ಟಣ ಕಟ್ಟಿ, ನನ್ನ ಮೈಗೆ ಒಂದು ಚೀಟಿ ಅಂಟಿಸಿ ನ್ಯಾಯಾಲಯದ ಮುದ್ದೆಮಾಲು ಕೋಣೆಗೆ ಹಾಕಿದರು. ಪ್ರಕರಣದ ವಸ್ತುಗಳನ್ನೆಲ್ಲ ಇಡುವ ಕೋಣೆ ಅದು. ಬೀಗ ಅದಕ್ಕೂ ಇದೆ. ತುಕ್ಕು ಹಿಡಿದ ಕೊಡಲಿ, ನುಜ್ಜಾದ ಸೈಕಲ್ಲು, ಅವುಗಳ ನಡುವೆ ನಾನು. ತಾರೀಖಿನ ಮೇಲೆ ತಾರೀಖು. ಎರಡು ಮಳೆಗಾಲ ಹೋದವು. ಗೆದ್ದಲು ಶೇಂಗಾ ಹಲಗೆಯ ಚೂರು ಮುಗಿಸಿ ಬೇವಿನ ಹಲಗೆಯ ಬುಡ ಹಿಡಿಯಿತು. ಬೇವಿನ ಕಹಿ ಅಷ್ಟರಲ್ಲಿ ಆರಿತ್ತು.

ಕೋಣೆಯ ಗುಮಾಸ್ತ ಶಂಕ್ರಯ್ಯ ಒಳ್ಳೆಯ ಮನುಷ್ಯ. ಮಾಬುನ್ನಿ ಹಿಂದಿನ ತಾರೀಖಿಗೇ ಸಾಕ್ಷಿ ಹೇಳಿಹೋಗಿದ್ದಳು. ನೀಲವ್ವ ನನ್ನನ್ನು ಗುರುತಿಸಿ ಸಾಕ್ಷಿ ಹೇಳಬೇಕಾದ ದಿನ ಅವನು ಬೆಳಿಗ್ಗೆಯೇ ಬಂದು ನನ್ನನ್ನು ಬೆಳಕಿಗೆ ಎಳೆದ.

"ಎಷ್ಟ್ ಮಸಿ! ಸಾಹೇಬ್ರ ಮುಂದ ಹೀಂಗ ಒಯ್ದ್ರ ನನಗ ಬೈತಾರ. ಹುಳಾನೂ ಹತ್ತೈತಿ. ಒಂಚೂರು ಎಣ್ಣಿ ಒರಸೂಣು."

ಸಣ್ಣ ಡಬ್ಬಿ ತೆರೆದ. ಅಗಸೆ ಎಣ್ಣೆ. ಎರಡು ವರ್ಷ ಒಣಗಿ ಬಿರಿದ ನನ್ನ ಮೈ ಆ ವಾಸನೆಗೆ ಬಾಯಿಬಿಟ್ಟಿತು. ಮರುಕ್ಷಣವೇ ಬೇಡ, ಬೇಡ ಎಂದು ಒಳಗೇ ಕೂಗಿಕೊಂಡೆ. ಯಾಕೆಂದರೆ ನನ್ನ ಹೊರಮೈಯ ಮಸಿಯಲ್ಲಿ, ನಾನೊಬ್ಬನೇ ಬಲ್ಲ ಒಂದು ಗುರುತು ಇತ್ತು. ಒಮ್ಮೆ ಎಣ್ಣೆ ಬಟ್ಟೆ ಆಡಿದರೆ ಮುಗಿಯಿತು. ಅವನು ಬಟ್ಟೆ ಅದ್ದಿದ. ಬುಡದಿಂದ ಶುರುಮಾಡಿದ. ಒಂದು ಗೇಣು ಮೇಲೆ ಬಂದ.

"ಯಣ್ಣಾ!"

ಕೋಣೆಯ ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಎಣ್ಣೆಯ ವಾಸನೆಗೇ ಅವಳ ಮುಖ ಬಿಳಿಚಿತ್ತು. ಓಡಿಬಂದು ಅವನ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಏನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲವೇನೋ, ಆ ಬಟ್ಟೆಯನ್ನು ಕಿಟಕಿಯ ಸರಳಿನ ಮೇಲೆ ಸುಕ್ಕಿಲ್ಲದಂತೆ ಹರವಿದಳು. ಫಕೀರವ್ವ ಹರವುತ್ತಿದ್ದ ಹಾಗೆಯೇ.

"ಏನಾತವಾ? ನಾ ಒಳ್ಳೇದಕ್ಕ ಹಚ್ಚಾಕತ್ತಿದ್ದೆ," ಎಂದ ಶಂಕ್ರಯ್ಯ.

ಅವಳು ತಿರುಗಿ ನನ್ನನ್ನು ನೋಡುತ್ತಿದ್ದಳು. ಬೆರಳು ಮುಂದೆ ಮಾಡಿದಳು, ಮುಟ್ಟಲಿಲ್ಲ. ಕಪ್ಪು ಮಸಿಯ ನಡುವೆ ಎರಡು ಕಡೆ ಮಾತ್ರ ಮರದ ಬಣ್ಣ ತಿಳಿಯಾಗಿ ಉಳಿದಿತ್ತು. ಒಂದು, ಅಡ್ಡ ಎಳೆದ ಚಿಲಕದ ಅಚ್ಚು. ಅದರ ಕೆಳಗೆ ಇನ್ನೊಂದು, ಅಂಗೈಯಷ್ಟು ಅಗಲ, ಮೇಲೆ ಕೊಂಡಿ, ಕೆಳಗೆ ದುಂಡು ಹೊಟ್ಟೆ.

"ಯಣ್ಣಾ, ಇಲ್ಲಿ ನೋಡು. ಕೀಲಿ."

ನನ್ನನ್ನು ನಾಲ್ಕು ಜನ ಹೊತ್ತು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ಸಾವಕಾರನ ವಕೀಲರು ಹುಳ ತಿಂದ ಹಲಗೆ ತಾನೇ ಉದುರಿದ್ದು ಎಂದರು, ಮಸಿಯಲ್ಲಿ ಯಾರಿಗೆ ಏನು ಬೇಕಾದರೂ ಕಾಣುತ್ತದೆ ಎಂದರು. ನೀಲವ್ವ ನನ್ನ ಪಕ್ಕ ಬಂದು ನಿಂತಳು.

"ಹೊಗಿ ಬರೂ ಮುಂದ ಇಲ್ಲಿ ಕೀಲಿ ಇತ್ರಿ ಸಾಹೇಬ್ರ. ಅದಕ ಇಷ್ಟು ಜಾಗಾ ಕರ್ರಗಾಗಿಲ್ಲ. ಚಿಲಕ ತಗದಿತ್ತು ಅಂತಾರಲ್ರಿ, ಹಂಗಾರ ಅದರ ಗುರುತು ಹಾಕಿದಂಗ ಯಾಕ ಬಿದ್ದೈತಿ? ನಮ್ಮ ಫಕೀರತ್ತಿ ಮಾತಂತೂ ಯಾರೂ ಕೇಳಲಿಲ್ಲ. ಈ ಬಾಗಲದ್ದರ ಕೇಳ್ರಿ."

ನ್ಯಾಯಾಧೀಶರು ಪೀಠದಿಂದ ಇಳಿದು ಬಂದು ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಸಾವಕಾರ ಕಿಸೆಯ ಮೇಲೆ ಕೈ ಇಟ್ಟುಕೊಂಡ, ಬೀಗ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ. ಫೋಟೊ ತೆಗೆಸಿದರು. ತಜ್ಞರು ಬಂದು ಪರೀಕ್ಷಿಸಬೇಕು, ಅಲ್ಲಿಯವರೆಗೆ ಈ ಬಾಗಿಲನ್ನು ಯಾರೂ ಒರೆಸಕೂಡದು, ಯಾವ ಎಣ್ಣೆಯನ್ನೂ ಹಚ್ಚಕೂಡದು ಎಂದು ಬರೆಸಿದರು.

ತಜ್ಞರು ಇನ್ನೂ ಬಂದಿಲ್ಲ. ನಾನು ಮತ್ತೆ ಕತ್ತಲೆಯ ಕೋಣೆಯಲ್ಲಿದ್ದೇನೆ. ಬಾಳಿಡೀ ಎಣ್ಣೆಗಾಗಿ ಬಾಯಿಬಿಟ್ಟವನು ಈಗ ಒಣಗಿ ಬಿರಿಯುತ್ತಾ ಎಣ್ಣೆ ಬೇಡ ಅನ್ನುತ್ತಿದ್ದೇನೆ. ಗೆದ್ದಲಿನ ಸದ್ದು ಕೇಳುತ್ತದೆ. ಬೇವು ಮುಗಿದು ಸಾಗವಾನಿ ಕಟ್ಟಿನ ಕಾಲಿಗೆ ಬಂದಿದೆ. ತಿನ್ನಲಿ. ನನ್ನನ್ನು ಕಾಯುವ ಎಣ್ಣೆ ನನ್ನ ಸಾಕ್ಷಿಯನ್ನು ಅಳಿಸುವುದಾದರೆ ನನಗೆ ಹುಳವೇ ಇರಲಿ.

ಪ್ರತಿ ತಾರೀಖಿಗೂ ನೀಲವ್ವ ಬರುತ್ತಾಳೆ, ಹೊರಗಿನಿಂದಲೇ ಕೂಗುತ್ತಾಳೆ: "ಐತೇನೋ ಯಣ್ಣಾ?"

ಶಂಕ್ರಯ್ಯ ಟಾರ್ಚು ಹಿಡಿದು ನನ್ನ ಎದೆ ನೋಡುತ್ತಾನೆ.

"ಐತವಾ. ಹಾಂಗಽ ಐತಿ."