ಜಿಪ್ ಕಂಪನಿಯ ಮೂರು ಸಾವಿರ ಷೇರು

ದರ್ಜಿಯ ಕಾಲು ಒಂದು ತಿಂಗಳಿಂದ ನೆಲದ ಮೇಲಿರಲಿಲ್ಲ. ಎರಡು ರೂಪಾಯಿಯಂತೆ ಕೊಂಡ ಜಿಪ್ ಕಂಪನಿಯ ಮೂರು ಸಾವಿರ ಷೇರುಗಳು ಆರಕ್ಕೇರಿದ್ದವು. ಜಿಪ್ಪಿನ ಗುಣ ತನಗಲ್ಲದೆ ಇನ್ನಾರಿಗೆ ಗೊತ್ತು ಎಂಬ ಧೈರ್ಯದಲ್ಲಿ, ಗುಂಡಿಯ ಕಾಜಾ ಹೊಲಿಯುವ ಯಂತ್ರಕ್ಕೆಂದು ದಂಪತಿ ಕೂಡಿಟ್ಟಿದ್ದ ಇಪ್ಪತ್ತೊಂದು ಸಾವಿರದಲ್ಲಿ ತನ್ನ ಪಾಲಿನ ಆರು ಸಾವಿರವನ್ನು ಹೆಂಡತಿಗೆ ತಿಳಿಸದೆ ಹಾಕಿದ್ದ. ಶಾಲೆ ತೆರೆಯುವ ಮುನ್ನ ಆ ಯಂತ್ರ ಬರದಿದ್ದರೆ ನಾನೂರು ಸಮವಸ್ತ್ರಗಳ ಗುತ್ತಿಗೆ ಎದುರಂಗಡಿಯವನ ಪಾಲು. ಆದರೂ ಚಿಂತೆಯೇಕೆ? ಆರು ಸಾವಿರ ಹದಿನೆಂಟು ಸಾವಿರವಾಗಿತ್ತು. ಆ ಸಂಭ್ರಮದಲ್ಲಿ, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಭಾವನ, ಅಂದರೆ ಹೆಂಡತಿಯ ಅಣ್ಣನ, ಪ್ಯಾಂಟಿಗೆ ಎರಡೂ ಎಡಗಾಲೇ ಹೊಲಿದಿದ್ದ.

"ಏನಪ್ಪಾ ಇದು? ನಾನು ಬುಗುರಿ ಥರ ತಿರುಗ್ತಾ ಆಫೀಸಿಗೆ ಹೋಗ್ಬೇಕಾ?"

ದರ್ಜಿ ತಡೆಯಲಾರದೆ ಗುಟ್ಟು ಬಿಟ್ಟುಕೊಟ್ಟ.

"ಆ ಕಂಪನಿ ಷೇರು ಹೊರಗೆ ಎಷ್ಟು ಸಿಗ್ತಾವೆ, ಗೊತ್ತಾ?" ಎಂದ ಭಾವ.

"ರೇಟು ಗೊತ್ತು ಭಾವ. ಸಾಲದಾ?"

ಭಾವ ಮೊಬೈಲಿನಲ್ಲಿ ಹುಡುಕಿದ. "ಕಂಪನಿ ಅಂದ್ರೆ ನೂರು ಮೀಟರ್ ಬಟ್ಟೆ ಥಾನು ಅಂದ್ಕೋ. ತೊಂಬತ್ತಾರು ಮೀಟರ್ ಮಾಲೀಕನ ಬೀರುವಲ್ಲೇ ಇದೆ. ಮಾರ್ಕೆಟ್ಟಿಗೆ ಬಂದಿರೋದು ನಾಲ್ಕೇ ಮೀಟರ್. ಅದಕ್ಕೇ ಫ್ಲೋಟ್ ಅನ್ನೋದು. ಅಷ್ಟಕ್ಕೆ ಹತ್ತು ಜನ ಕೈ ಹಾಕಿದ್ರೆ ರೇಟು ಹಾರುತ್ತೆ. ಹಾಗಂತ ಬಟ್ಟೆ ರೇಷ್ಮೆ ಆಗ್ಬಿಡ್ತಾ?"

"ಹಾರಲಿ ಬಿಡಿ, ಒಳ್ಳೇದೇ ಅಲ್ವಾ?"

"ಇಳಿಯೋಕೆ ಏಣಿ ಬೇಕಲ್ಲಪ್ಪಾ. ಮಾರಿ ನೋಡು."

ಒಳಕೋಣೆಯಲ್ಲಿ ಹೆಂಡತಿಯ ಹೊಲಿಗೆಯಂತ್ರ ಗಡಗಡಿಸುತ್ತಿತ್ತು. ದರ್ಜಿ ತನ್ನ ಫೋನಿನಲ್ಲಿ ಮೂರು ಸಾವಿರ ಷೇರನ್ನೂ ಆರಕ್ಕೆ ಮಾರಾಟಕ್ಕಿಟ್ಟ. ಕೇಳುವವರಿಲ್ಲ. ಐದೂವರೆಗಿಳಿಸಿದ, ನೊಣವೂ ಕೂರಲಿಲ್ಲ. ಐದಕ್ಕಿಳಿಸಿದ್ದೇ ತಡ, ಅಷ್ಟೂ ಒಮ್ಮೆಗೇ ಮಾರಿಹೋದವು.

"ಯಾರೋ ಪುಣ್ಯಾತ್ಮ, ಪೂರ್ತಿ ಎತ್ಕೊಂಡ ಭಾವ." ಅವನು ಭಾವನ ಸೊಂಟ ಹಿಡಿದು ಅಂಗಡಿಯೆಲ್ಲ ಕುಣಿದ.

ಒಳಗಿನ ಯಂತ್ರ ನಿಂತಿತು. ಹೆಂಡತಿ ಮೊಬೈಲ್ ಹಿಡಿದು ಓಡಿಬಂದಳು. "ರೀ, ಸಿಕ್ತು ರೀ. ಬೆಳಿಗ್ಗೆಯಿಂದ ಐದಕ್ಕೆ ಕೇಳ್ತಾ ಕೂತಿದ್ದೆ. ಯಾವನೋ ಪೆದ್ದ, ಮೂರು ಸಾವಿರ ಷೇರು ಒಟ್ಟಿಗೆ ಕೊಟ್ಟ."

"ಯಾವ ಷೇರಮ್ಮಾ?" ಎಂದ ಅವಳ ಅಣ್ಣ.

"ಜಿಪ್ಪಿಂದು. ತಿಂಗಳಿಂದ ಇವರ ಮುಖ ಹೂವಿನ ಹಾಗೆ ಅರಳಿತ್ತಲ್ಲ, ಫೋನು ಇಣುಕಿ ನೋಡ್ದೆ. ನನ್ನ ಪಾಲಿನ ಹದಿನೈದು ಸಾವಿರ ಹಾಕ್ದೆ."

ದರ್ಜಿ ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತ. "ಆ ಪೆದ್ದ ನಾನೇ ಕಣೇ."

ಮೊದಲು ನಕ್ಕವಳು ಅವಳೇ. ಭಾವ ನಕ್ಕ ರಭಸಕ್ಕೆ ಪ್ಯಾಂಟಿನ ಹೊಲಿಗೆ ಬಿರಿಯಿತು. "ಬಲಗೈ ಎಡಗೈಗೆ ಮಾರ್ತು, ನಡುವೆ ದಲ್ಲಾಳಿ ಊಟ ಮಾಡ್ದ," ಎಂದು ಕಣ್ಣೊರೆಸಿಕೊಂಡ.

ಅವಳು ವಾರವಿಡೀ ಮಾರಲು ಹೆಣಗಿದಳು. ಬೆಲೆ ಒಂದಕ್ಕಿಳಿದಾಗ ನಲವತ್ತು ಷೇರು ಹೋದವು, ಉಳಿದವನ್ನು ಮೂಸುವವರಿರಲಿಲ್ಲ. ದರ್ಜಿಯ ಕೈಗೆ ಬಂದ ಹದಿನೈದು ಸಾವಿರ ಹಿಡಿದು ಇಬ್ಬರೂ ಯಂತ್ರದ ವ್ಯಾಪಾರಿಯ ಬಳಿ ಹೋದರು.

"ಉಳಿದ ಆರು ಸಾವಿರ?" ಎಂದ ವ್ಯಾಪಾರಿ.

"ಜಿಪ್ ಕಂಪನಿ ಷೇರು ತಗೋತೀರಾ?" ಅವಳು ನಗದೆ ಕೇಳಿದಳು.

ವ್ಯಾಪಾರಿಯ ಮುಖ ಸಪ್ಪಗಾಯಿತು. "ನನ್ನ ಹತ್ರಾನೇ ಆ ಷೇರು ಐದು ಸಾವಿರ ಇದೆ ತಾಯಿ. ನೀವೇ ತಗೊಂಡುಬಿಡಿ."

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಅಂಗಡಿ ನಗೆಯಿಂದ ತುಂಬಿಹೋಯಿತು. ಕೊನೆಗೆ, ವ್ಯಾಪಾರಿಯ ಮನೆಮಂದಿಯ ಬಟ್ಟೆಯನ್ನೆಲ್ಲ ಒಂದು ವರ್ಷ ಹೊಲಿದುಕೊಡುವ ಕರಾರಿನ ಮೇಲೆ ಯಂತ್ರ ತಳ್ಳುಗಾಡಿ ಏರಿತು. ಅವಳು ಮುಂದೆ ಎಳೆದಳು, ದರ್ಜಿ ಹಿಂದಿನಿಂದ ತಳ್ಳಿದ. ನಗು ತಡೆಯಲಾರದೆ ಮನೆ ಸೇರುವಷ್ಟರಲ್ಲಿ ಮೂರು ಕಡೆ ಗಾಡಿ ನಿಲ್ಲಿಸಬೇಕಾಯಿತು.