ಗ್ವೇಲಾನಳ ಪರದೇಶಿ ಮಗಳು

ನಾವಿರುವುದು ಚೀನಾದ ಚೆಂಗ್ಡುವಿನಲ್ಲಿ. ನಮ್ಮ ಮೇಲಿನ ಮನೆಯ ಗ್ವೇಲಾನ್ ಮಗಳನ್ನು ಹೆತ್ತದ್ದು ಶಾಂತಸಾಗರದ ಯಾವುದೋ ದ್ವೀಪದೇಶದಲ್ಲಿ. ಗಂಡ ಮೀ ಆಗ ಅಲ್ಲಿ ರಸ್ತೆ ಹಾಕಿಸುತ್ತಿದ್ದ. ಮಗಳು ಶೂಯಾವ್ ಹಲ್ಲು ಬರುವ ಮೊದಲೇ ಇಲ್ಲಿಗೆ ಬಂದು, ನಮ್ಮ ಓಣಿಯಲ್ಲೇ ಬೆಳೆದು, ನಮ್ಮೆಲ್ಲರಿಗಿಂತ ಜೋರಾಗಿ ಜಗಳವಾಡುವುದನ್ನು ಕಲಿತಳು. ಅಲ್ಲಿ ಹುಟ್ಟಿದ್ದಕ್ಕೆ ಸಿಕ್ಕ ಪಾಸ್‌ಪೋರ್ಟು ಮಾತ್ರ ಆ ದ್ವೀಪದ್ದೇ ಉಳಿದಿತ್ತು.

ಅವಳು ಕಾಲೇಜು ಸೇರುವ ವರ್ಷ ಗ್ವೇಲಾನ್‌ಗೆ ಆ ಪಾಸ್‌ಪೋರ್ಟಿನ ಉಪಯೋಗ ಹೊಳೆಯಿತು. ನನ್ನ ಜೊತೆ ಆಡುತ್ತಿದ್ದ ಮಾಜಾಂಗ್ ಆಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

“ನಮ್ಮ ಮಕ್ಕಳು ಕಣ್ಣು ಕಳ್ಕೊಂಡು ಓದಿದ್ರೂ ಸೀಟು ಸಿಗೋದು ಅಷ್ಟರಲ್ಲೇ ಇದೆ. ಹೊರದೇಶದೋರಿಗಾದ್ರೆ ಒಂದು ಸಂದರ್ಶನ, ಚೂರು ಭಾಷೆ, ಮುಗೀತು! ನಮ್ಮ ಶೂಯಾವ್ ಹೊರದೇಶದೋಳು ಕಣೇ!”

“ಇರೋ ಒಬ್ಬ ಮಗಳನ್ನ ಪರದೇಶಿ ಮಾಡ್ತೀಯಲ್ಲೇ,” ಎಂದ ಮೀ.

“ನೀವು ಸುಮ್ನಿರಿ.”

ಮಗಳು ಪಟಪಟ ಮಾತಾಡಿದರೆ ಇಲ್ಲಿಯವಳೇ ಎಂಬ ಅನುಮಾನ ಬರುತ್ತದೆಂದು ಗ್ವೇಲಾನ್‌ಗೆ ಭಯ. ಮನೆಯಲ್ಲೇ ತೊದಲುವ ಅಭ್ಯಾಸ ಶುರುವಾಯಿತು. ಸಂದರ್ಶನ ಮಾಡುವವಳು ನಾನು.

“ನಿನ್ನ ಹೆಸರೇನಮ್ಮ?”

“ಶೂಯಾವ್, ಆಂಟಿ.”

“ಅಯ್ಯೋ ದಡ್ಡಿ!” ಗ್ವೇಲಾನ್ ತಲೆ ಚಚ್ಚಿಕೊಂಡಳು. “ಅಷ್ಟು ಬೇಗ ಅರ್ಥ ಆಗ್ಬಾರ್ದು!”

ಸಂದರ್ಶನದ ದಿನ ಶೂಯಾವ್‌ಗಿಂತ ಮೊದಲು ಬೋಲಾತ್ ಎಂಬ ಕಜಾಕ್ ದೇಶದ ಹುಡುಗ ಒಳಗೆ ಹೋದ. ನಮ್ಮ ಊರಿನ ಮಾತಲ್ಲೇ ಅವನು ತಮಾಷೆ ಮಾಡುವುದೂ ಒಳಗಿದ್ದವರು ಬಿದ್ದು ಬಿದ್ದು ನಗುವುದೂ ಹೊರಗೆ ಕೇಳುತ್ತಿತ್ತು. ಶೂಯಾವ್‌ಗೆ ದಿಗಿಲಾಯಿತು. ಆದರೂ ಅಮ್ಮನ ಮಾತು ಮೀರಲಿಲ್ಲ.

“ನಿಮಗೆ ಇಲ್ಲೇ ಓದುವ ಆಸೆ ಯಾಕೆ?” ಸಂದರ್ಶನಕ್ಕೆ ಕೂತಿದ್ದ ಯಾನ್ ಟೀಚರ್ ನಿಧಾನವಾಗಿ ಕೇಳಿದರು.

“ನಾನು ಚೀನಾ ಇಷ್ಟ ಇದೆ. ಅನ್ನ... ತುಂಬಾ ಒಳ್ಳೆ ಮನುಷ್ಯ.”

ಬೋಲಾತ್‌ಗೆ ಸೀಟು ಸಿಕ್ಕಿತು. ಶೂಯಾವ್‌ಗೆ ಚೀನೀ ಭಾಷೆ ಸಾಲದು, ಒಂದು ವರ್ಷ ಭಾಷಾ ತರಗತಿಯಲ್ಲಿ ಕೂರಬೇಕು ಎಂದು ತೀರ್ಮಾನವಾಯಿತು.

ಗ್ವೇಲಾನ್ ಮೆಟ್ಟಿಲ ಮೇಲೇ ಕುಸಿದಳು. “ನನ್ನ ಮಗಳಿಗೆ ಚೀನೀ ಬರಲ್ವಂತೆ! ಮೊನ್ನೆ ತಾನೆ ತರಕಾರಿಯವನನ್ನ ಬೈದು ಅಳಿಸಿದಾಳೆ!”

ತರಗತಿಯ ಮೊದಲ ದಿನ ಎಲ್ಲರೂ “ಇದು ಕುರ್ಚಿ, ಇದು ಮೇಜು” ಎಂದು ಕೂಗಿದರು. ಶೂಯಾವ್ ಹಲ್ಲು ಕಚ್ಚಿಕೊಂಡು ಕೂಗಿದಳು. ಮಧ್ಯಾಹ್ನ ಅವಳು ತರಿಸಿದ ನೂಡಲ್ಸ್ ಬಂತು. ನಮ್ಮೂರಿನ ನೂಡಲ್ಸ್ ಖಾರಕ್ಕೆ ಕೆಂಪಗಿರಬೇಕು, ಮುಚ್ಚಳ ತೆಗೆದರೆ ಬೆಳ್ಳಗಿದೆ.

“ಹೊರದೇಶದೋರ ಕ್ಲಾಸು ಅಂದ್ರಲ್ಲ, ಖಾರ ಹಾಕ್ಲಿಲ್ಲ,” ಎಂದ ತಂದವನು.

“ಖಾರ ಇಲ್ದೆ ತಿನ್ನೋಕೆ ನನಗೇನು ಬಾಣಂತನ ನಡೀತಿದೆಯೇನಯ್ಯಾ? ಮೆಣಸಿನಕಾಯಿ ಎಲ್ಲಿ? ನಿಮ್ಮ ಅಡುಗೆಯವನ ನಾಲಿಗೆ ಸತ್ತೋಯ್ತಾ?”

ಅಪ್ಪಟ ಚೆಂಗ್ಡು ಮಾತಲ್ಲಿ ಸಿಡಿದ ಶೂಯಾವ್ ಕಡೆಗೆ ಇಡೀ ತರಗತಿ ತಿರುಗಿತು. ಅಲ್ಲೂ ಪಾಠ ಹೇಳುತ್ತಿದ್ದ ಯಾನ್ ಟೀಚರ್ ಕನ್ನಡಕ ಸರಿಮಾಡಿಕೊಂಡರು.

“ದ್ವೀಪದಲ್ಲಿ ಯಾವ ಓಣಿನಮ್ಮ ನಿಮ್ಮದು?”

ಶೂಯಾವ್ ಮುಖ ಕೆಂಪಗಾಯಿತು. “ಅಮ್ಮ ಹೇಳಿಕೊಟ್ಟಿದ್ದು, ಟೀಚರ್,” ಎಂದು ಎಲ್ಲ ಒಪ್ಪಿಕೊಂಡಳು. ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಲೇಜಿಗೆ ಬೇಕಿದ್ದದ್ದು ಪಾಸ್‌ಪೋರ್ಟು ಮತ್ತು ಭಾಷೆ, ಅಷ್ಟೇ. ಅದೇ ಸಂಜೆ ಮತ್ತೆ ಪರೀಕ್ಷೆ ಮಾಡಿಸಿ ಸೀಟು ಕೊಡಿಸಿದರು.

ಸೀಟೇನೋ ಸಿಕ್ಕಿತು. ಆದರೆ ವರ್ಷವಿಡೀ ನಿದ್ದೆಗೆಟ್ಟು ಓದಿದ್ದ ಗೆಳತಿ ಝೂಲಾನ್‌ಗೆ ಹೇಳುವಾಗ ಶೂಯಾವ್ ತಲೆ ತಗ್ಗಿಸಿದಳು.

“ನನಗೂ ಒಂದು ದ್ವೀಪ ನೋಡೇ,” ಎಂದು ಝೂಲಾನ್ ಅವಳ ಬೆನ್ನಿಗೆ ಗುದ್ದಿದಳು. ಸ್ವಲ್ಪ ಜೋರಾಗಿಯೇ ಗುದ್ದಿದಳಂತೆ.

ಗ್ವೇಲಾನ್‌ಗೆ ಮಾತ್ರ ಯಾವ ಸಂಕೋಚವೂ ಇಲ್ಲ. ಈಗಲೂ ಸಿಕ್ಕಿದವರಿಗೆಲ್ಲ ಹೇಳುತ್ತಾಳೆ: “ನನ್ನ ಮಗಳು ಎಂಥಾ ಬುದ್ಧಿವಂತೆ ಗೊತ್ತಾ? ಬೆಳಿಗ್ಗೆ ಚೀನೀ ಕ್ಲಾಸಿಗೆ ಸೇರಿದ್ಲು, ಸಾಯಂಕಾಲದೊಳಗೆ ಪೂರ್ತಿ ಕಲಿತುಬಿಟ್ಲು!”