ಜಿಂಕೆಗೊಂದು ಬೂದುಗುಂಬಳ

ನೀಲಿ ದೀಪ, ಅಲ್ಲ ಹಸಿರು, ಹಸಿರಿನ ಮೇಲೆ ನೀಲಿ ಬಿದ್ದು ವೇದಿಕೆಯೆಲ್ಲ ನೀರು ಚಿಮುಕಿಸಿದ ಸೊಪ್ಪಿನ ರಾಶಿಯ ಹಾಗೆ ತಣ್ಣಗೆ ಹೊಳೆಯುತ್ತಿದೆ, ಕಾಡು ಬಂತು, ಇನ್ನು ಬಿಲ್ಲು ಹಿಡಿದ ಬೇಡ ಬರುತ್ತಾನೆ, ಆಮೇಲೆ ಹೊಳೆ, ಆಮೇಲೆ ಅವಳು, ಜಿಂಕೆ, ಎಂದು ಲಕ್ಕಮ್ಮ ಬಾಲ್ಕನಿಯ ಕಂಬಿಗೆ ಗಲ್ಲ ಊರಿ ಮುಂದಕ್ಕೆ ಬಾಗಿದಳು, ಕಂಬಿ ತಣ್ಣಗಿತ್ತು, ಎದೆ ಮಾತ್ರ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಅನ್ನುತ್ತಿತ್ತು, ಪಕ್ಕದಲ್ಲಿ ತಂಗಿ ಚಿಕ್ಕಮುನಿಯಮ್ಮ ಕಡಲೆಕಾಯಿ ಸುಲಿಯುತ್ತ, ಯಾಕಕ್ಕ ಇಷ್ಟು ಮೇಲಕ್ಕೆ ಹತ್ತಿಸ್ದೆ, ಪಾಸಿತ್ತಲ್ಲ, ಕೆಳಗಡೆ ಮುಂದೇನೇ ಕೂತಿದ್ರೆ ಮುಖ ಕಾಣ್ತಿತ್ತು ಅಂದಳು, ಮುಖ ನೋಡೋಕೆ ಸಿನಿಮಾ ಇಲ್ವೇನೇ, ಬ್ಯಾಲೆ ಅಂದ್ರೆ ಕಾಲು ಕಣೆ, ಕಾಲು ಕಾಣ್ಬೇಕು ಅಂದ್ರೆ ಮೇಲಿಂದಾನೇ ನೋಡ್ಬೇಕು, ಎಂದು ಲಕ್ಕಮ್ಮ ಕಣ್ಣು ಕೀಳದೆ ಹೇಳಿದಳು, ಇದು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ರಷ್ಯಾದವರು ಬಂದಿದ್ದ ವರ್ಷ ತಾನಾಗಿ ಹೊಳೆದದ್ದು, ಗಂಡ ಮುನಿಶಾಮಪ್ಪ ಇನ್ನೂ ಬದುಕಿದ್ದ, ಮಲ್ಲೇಶ್ವರಂ ಮಾರ್ಕೆಟ್ಟಿನಲ್ಲಿ ಇವರ ತರಕಾರಿ ಅಂಗಡಿಗೆ ತಪ್ಪದೆ ಬರುತ್ತಿದ್ದ ಮಲ್ಲಿಕಾರ್ಜುನಯ್ಯನವರು, ಬಸವನಗುಡಿಯ ಈ ನೃತ್ಯ ತಂಡದ ಮ್ಯಾನೇಜರು, ನಮ್ಮ ಮನೆಯೋಳಿಗೆ ಜ್ವರ, ನೀವಿಬ್ರೂ ಹೋಗ್ಬನ್ನಿ ಲಕ್ಕಮ್ಮ ಎಂದು ಪಾಸು ಕೊಟ್ಟಿದ್ದರು, ಏನೋ ಸರ್ಕಸ್ಸು ಅಂದುಕೊಂಡು ಹೋದರೆ ಪರದೆ ಸರಿಯಿತು, ಬಿಳಿ ಹುಡುಗಿಯರು, ಬಿಳಿ ಲಂಗ, ಲಂಗ ಕೆಳಕ್ಕಿಳಿಯದೆ ಸೊಂಟದ ಸುತ್ತ ತಟ್ಟೆಯ ಹಾಗೆ ನಿಂತಿದೆ, ಬೆರಳ ತುದಿಯ ಮೇಲೆ ನಿಂತು ಓಡುತ್ತಾರೆ, ತೇಲುತ್ತಾರೆ, ಆದರೆ ಸಂಗೀತ ಸಣ್ಣಗಾದಾಗ ಆ ಗಟ್ಟಿ ಮೋಟು ಬೂಟುಗಳು ಹಲಗೆಯ ಮೇಲೆ ಟಕಟಕ ಅನ್ನುವುದು ಕೇಳಿಸಿತು, ಕುರಿಮಂದೆ ರಸ್ತೆ ದಾಟಿದ ಹಾಗೆ, ಆ ಸದ್ದು ಕೇಳಿದ್ದೇ ಲಕ್ಕಮ್ಮನಿಗೆ ಅವರ ಮೇಲೆ ಪ್ರೀತಿ ಉಕ್ಕಿತು, ಅಯ್ಯೋ, ಇವರಿಗೂ ಭಾರ ಇದೆ, ಮೂಟೆ ಹೊರುವವರ ಹಾಗೆ ಇವರೂ ಹೊರುತ್ತಿದ್ದಾರೆ, ಹೊರುತ್ತಿರುವುದು ತಿಳಿಯದ ಹಾಗೆ ಹೊರುತ್ತಿದ್ದಾರೆ, ಅಷ್ಟೆ, ಒಬ್ಬ ಗಂಡಸು ಒಬ್ಬಳನ್ನು ಒಂದೇ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ನಗುತ್ತ ತಿರುಗಿದ, ಮುಖದಲ್ಲಿ ನಗು, ಕತ್ತಿನಲ್ಲಿ ಹಗ್ಗದಂಥ ನರ, ಮುನಿಶಾಮಪ್ಪನ ಕಣ್ಣಿಗೆ ಅದು ಬೀಳಲೇ ಇಲ್ಲ, ಲೇ, ಪಾಪ ಆವಯ್ಯಂಗೆ ಪಂಚೆ ಉಡ್ಸೋದೇ ಮರ್ತವ್ರೆ ಅಂದ, ಅಂದವನು ಅಲ್ಲೇ ನಿದ್ದೆ ಹೋದ, ಲಕ್ಕಮ್ಮ ಮಾತ್ರ ಆವತ್ತಿನಿಂದ ಇವತ್ತಿನವರೆಗೆ ಸರಿಯಾಗಿ ಎಚ್ಚರವಾಗಿಯೇ ಇದ್ದಾಳೆ.

ಆಮೇಲೆ ನಮ್ಮವರ ಬ್ಯಾಲೆಗಳು, ಬೂಟಿಲ್ಲ, ಬರಿಗಾಲು, ಗೆಜ್ಜೆ, ಮೃದಂಗ, ಕೊಳಲು, ಒಬ್ಬರೂ ಬಾಯಿ ಬಿಡುವುದಿಲ್ಲ, ಕಥೆಯೆಲ್ಲ ಮೈಯಲ್ಲೇ, ಬಸವನಗುಡಿಯಲ್ಲಿ ಆದರೂ ಹೋದಳು, ಇಲ್ಲಿ ಚಾಮರಾಜಪೇಟೆಯ ಕಲಾಮಂದಿರದಲ್ಲಿ ಆದರೂ ಬಂದಳು, ಮಗಳ ಮದುವೆಯ ಓಡಾಟದಲ್ಲೂ ಒಂದು ಬಿಡಲಿಲ್ಲ, ಮಾರ್ಕೆಟ್ಟಿನವರು, ಏನು ಲಕ್ಕಮ್ಮ, ಸಂಜೆ ಕುಣಿಯೋಕಾ ಎಂದು ಆಡಿಕೊಂಡರು, ಹೂಂ ಕಣಪ್ಪ, ನೀನು ಬಂದು ತಾಳ ಹಾಕು ಎಂದು ಅವರ ಬಾಯಿ ಮುಚ್ಚಿಸಿದಳು, ಅಗೋ ಬಂದ, ಬೇಡನ ವೇಷದ ಹನುಮಂತಯ್ಯ, ಹೊಟ್ಟೆ ಇನ್ನೂ ಸ್ವಲ್ಪ ಮುಂದೆ ಬಂದಿದೆ, ಆದರೆ ಹೆಜ್ಜೆ ಇಡುವುದು ನೋಡು, ಬೆಕ್ಕು, ಮೊದಲು ಬೆರಳು, ಆಮೇಲೆ ಅಂಗಾಲು, ಆಮೇಲೆ ಹಿಮ್ಮಡಿ, ಒಂದು ಎಲೆಯೂ ಸದ್ದು ಮಾಡಬಾರದು ಎಂದು, ಹಿಂದೆ ಮರಗಳಾಗಿ ನಿಂತ ಹುಡುಗಿಯರಲ್ಲಿ ಒಬ್ಬಳು ಮೂಗು ಕೆರೆದುಕೊಂಡಳು, ಕೆರೆದುಕೋ ತಾಯಿ, ಶಿವಕುಮಾರಿಯೂ ಹೀಗೇ ಮರವಾಗಿ ನಿಂತವಳೇ, ಸಣಕಲು ಹುಡುಗಿ, ಮೊದಲ ಸಲ ನೋಡಿದಾಗ ಎಲ್ಲ ಮರಗಳೂ ಅಲುಗಾಡುತ್ತಿದ್ದವು, ಇವಳೊಬ್ಬಳು ನಿಂತಿದ್ದಳು, ನಿಂತದ್ದು ಎಂದರೆ ಬೇರು ಬಿಟ್ಟ ಹಾಗೆ, ಇವಳು ಹಾರುತ್ತಾಳೆ ನೋಡ್ತಿರು ಎಂದು ಲಕ್ಕಮ್ಮ ಆವತ್ತೇ ಅಂದಳು, ನಿಲ್ಲಲು ಬಂದವಳಿಗೆ ಹಾರಲೂ ಬರುತ್ತದೆ, ಬಂತು, ಜಿಂಕೆಯಾದಳು, ಮರಿ ಹೊಳೆಯ ಆಚೆ ದಡದಲ್ಲಿದೆ, ಬೇಡ ಬೆನ್ನ ಹಿಂದೆ, ತಾಯಿ ಜಿಂಕೆ ಒಂದೇ ನೆಗೆತಕ್ಕೆ ಹೊಳೆ ದಾಟಬೇಕು, ಇಡೀ ಬ್ಯಾಲೆ ಇರುವುದೇ ಆ ನೆಗೆತಕ್ಕಾಗಿ, ಅವಳು ನೆಗೆದಾಗಲೆಲ್ಲ ಮೇಲೆ ಒಂದು ಗಳಿಗೆ ನಿಂತುಬಿಡುತ್ತಿದ್ದಳು, ಗಾಳಿಯಲ್ಲಿ ಒಂದು ಮೆಟ್ಟಿಲು ಇದೆಯೇನೋ ಅನ್ನುವ ಹಾಗೆ, ಲಕ್ಕಮ್ಮನ ಉಸಿರೂ ಅಲ್ಲೇ ನಿಲ್ಲುತ್ತಿತ್ತು, ಮನೆಗೆ ಹೋಗಿ ಸಾರು ಬಡಿಸುವಾಗಲೂ ಆ ಗಳಿಗೆ ಕಣ್ಣ ಮುಂದೆ ಬಂದು ಸೌಟು ಕೈಯಲ್ಲೇ ಉಳಿಯುತ್ತಿತ್ತು, ಹೋದ ವರ್ಷದ ಹಿಂದಿನ ವರ್ಷ ಅದೇ ಹೊಳೆ, ಅದೇ ನೆಗೆತ, ಇಳಿಯುವಾಗ ಮಂಡಿ ತಿರುಚಿತು, ಬಿದ್ದಳು, ಬಿದ್ದ ಸದ್ದು ಬಾಲ್ಕನಿಯವರೆಗೂ ಬಂತು, ಪರದೆ ಹಾಕಿದರು, ಯಾರ ಕಣ್ಣು ತಾಗಿ ಬಿದ್ದಳೋ ಎಂದು ಮಾರ್ಕೆಟ್ಟಿನ ಹೆಂಗಸರು ಕೇಳಿದಾಗ ಲಕ್ಕಮ್ಮ ಸೊಪ್ಪು ಬಿಡಿಸುತ್ತ ತಲೆ ಎತ್ತಲಿಲ್ಲ, ಅಷ್ಟು ಹೊತ್ತು, ಅಷ್ಟು ವರ್ಷ, ಅಷ್ಟು ಆಸೆಯಿಂದ ಅವಳನ್ನು ನೋಡಿದ ಕಣ್ಣು ಇನ್ಯಾರದು, ತನ್ನದೇ, ದೃಷ್ಟಿ ಅನ್ನುವುದು ಇದೆಯೋ ಇಲ್ಲವೋ ಅವಳಿಗೆ ಗೊತ್ತಿಲ್ಲ, ಇದ್ದರೆ ತೆಗೆದುಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಹೋದದ್ದು ಒಂದು ಕುಂಬಳಕಾಯಿ.

ಕುಂಬಳಕಾಯಿ ತಂದದ್ದೂ ತಾನೇ, ಹೋದ ವಾರ ಮಲ್ಲಿಕಾರ್ಜುನಯ್ಯನವರು ಬದನೆಕಾಯಿ ಒತ್ತಿ ಒತ್ತಿ ನೋಡುತ್ತ, ಶಿವಕುಮಾರಿ ಮತ್ತೆ ಜಿಂಕೆ ಮಾಡ್ತಾಳೆ ಲಕ್ಕಮ್ಮ, ಡಾಕ್ಟ್ರು ಬೇಡ ಅಂತಾರೆ, ಇವಳು ಕೇಳ್ತಿಲ್ಲ, ಕಮಿಟಿಯೋರು ಒಂದು ಅವಕಾಶ ಅಂದವ್ರೆ, ಹಾರಿದ್ರೆ ಜಿಂಕೆ ಇವಳದೇ, ಆಗ್ಲಿಲ್ಲ ಅಂದ್ರೆ ಇನ್ಮೇಲೆ ಮಕ್ಕಳಿಗೆ ತಕಧಿಮಿ ಹೇಳ್ಕೊಡ್ತಾ ಕೂತ್ಕೊಳ್ಳೋದೇ, ಅಂದರು, ಬದನೆಕಾಯಿ ಒತ್ತಬೇಡಿ ಸ್ವಾಮಿ, ಅದಕ್ಕೂ ಮಂಡಿ ನೋವು ಬರತ್ತೆ, ಎಂದು ನಗಿಸಿ ಕಳಿಸಿದಳೇ ಹೊರತು ಅವಳಿಗೆ ನಿದ್ದೆ ಬರಲಿಲ್ಲ, ಇವತ್ತು ಕೃಷ್ಣರಾಜ ಮಾರುಕಟ್ಟೆಗೆ ಹೋದವಳು ಬೂದಿ ಮೆತ್ತಿದ, ತೊಟ್ಟು ಗಟ್ಟಿಯಿದ್ದ ಬೂದುಗುಂಬಳ ಆರಿಸಿದಳು, ತಲೆ ಕೊಯ್ದು, ತಿರುಳು ತೆಗೆದು, ಕುಂಕುಮದ ನೀರು ತುಂಬಿ, ಮುಚ್ಚಳ ಮುಚ್ಚಿ ಕಲಾಮಂದಿರದ ಹಿಂಬಾಗಿಲಿಗೆ ತಂದು ಪರದೆ ಎಳೆಯುವ ಕಾಳಪ್ಪನ ಕೈಗೆ ಕೊಟ್ಟಳು, ಅಮ್ಮಾವ್ರಿಗೆ ನಿವಾಳಿಸಿ ಆಚೆ ರಸ್ತೆ ಕೂಡೋ ಕಡೆ ಒಡೀರಿ, ಆಚೆ, ಗೊತ್ತಾಯ್ತಾ, ಎಂದು ಹೇಳಿದಳು, ಆಯ್ತು ಬುಡಕ್ಕ, ಇವತ್ತೇನು ಮೊದಲ್ನೇ ಕುಂಬಳಕಾಯಾ ಅಂದ ಅವನು, ಪರದೆ ಏಳುವ ಮೊದಲು ಧಡ್ ಎಂದು ಕೇಳಿದಾಗ ಎಷ್ಟು ಸಮಾಧಾನವಾಯಿತು, ಹೋಯಿತು, ಎಲ್ಲರ ಕಣ್ಣೂ ಹೋಯಿತು, ಮೊದಲು ನನ್ನದು ಹೋಯಿತು, ಎಂದು ನೆಟ್ಟಗೆ ಕೂತಿದ್ದಳು, ಈಗ ಮೃದಂಗ ಸಣ್ಣಗೆ ಉರುಳುತ್ತಿದೆ, ಹೊಳೆ ಬರುತ್ತಿದೆ, ಇಬ್ಬರು ಉದ್ದನೆಯ ನೀಲಿ ಬಟ್ಟೆ ಹಿಡಿದು ಬಲಗಡೆಯ ಸೈಡ್‌ವಿಂಗಿನಿಂದ ಬಂದರು, ಒಬ್ಬ ಹಿಂದೆ ಪರದೆಯ ಬಳಿ ನಿಂತ, ಇನ್ನೊಬ್ಬ ವೇದಿಕೆಯ ಬಲ ಅಂಚಿನಲ್ಲೇ ನಡೆದು ಮುಂದಕ್ಕೆ ಬಂದ, ಇಬ್ಬರೂ ವೇದಿಕೆಯ ನಡುವಿಗೆ ಸರಿದರು, ಬಟ್ಟೆ ಅಲೆ ಅಲೆಯಾಗಿ ಹರಿಯಿತು, ಚೆಂದ, ನೀರಿಗಿಂತ ಚೆಂದ, ಮತ್ತೆ ಅವನು ನಡೆದ ಅಂಚಿನಲ್ಲಿ, ಅದೇನದು, ಹಲಗೆಯ ಮೇಲೆ, ಒಂದು ಕೆಂಪು ಹೆಜ್ಜೆ.

ಕಾಲಿಗೆ ಹಚ್ಚುವ ಬಣ್ಣ ಇರಬೇಕು, ಅಲ್ಲ, ಅದು ಹೆಣ್ಣುಮಕ್ಕಳು ಹಚ್ಚುವುದು, ಹಚ್ಚಿದ ಮೇಲೆ ಒಣಗುವುದು, ಇದು ಹಸಿ, ಇದು ಗಂಡಸಿನ ಅಗಲ ಪಾದ, ಒಂದು ಕೆಂಪು, ಮುಂದಿನದು ಸ್ವಲ್ಪ ತಿಳಿ, ಅದರ ಮುಂದಿನದು ಬರೀ ಹಿಮ್ಮಡಿ, ಧಡ್ ಎಂದದ್ದು ಆಚೆಯಿಂದಲ್ಲ, ಒಳಗಿನಿಂದ, ಪರದೆಯ ಹಿಂದಿನಿಂದ, ಅದಕ್ಕೇ ಅಷ್ಟು ಹತ್ತಿರ ಕೇಳಿಸಿತು, ಕಾಳಪ್ಪ ರಸ್ತೆಗೆ ಹೋಗಲೇ ಇಲ್ಲ, ಯಾವ ವೇದಿಕೆಯಲ್ಲಿ ಬಿದ್ದಳೋ ಅಲ್ಲೇ ದೃಷ್ಟಿ ತೆಗೆಯಬೇಕು ಎಂದು ಅವನಿಗೆ ಅವನದೇ ಭಕ್ತಿ, ಅವಳು ಓಡಿಬರುವ ಬಾಗಿಲಲ್ಲೇ ಒಡೆದಿದ್ದಾನೆ, ಚಿಪ್ಪು ಎತ್ತಿರುತ್ತಾನೆ, ಗೋಣಿ ಹಾಕಿ ಒರೆಸಿಯೂ ಇರುತ್ತಾನೆ, ಆದರೆ ಕುಂಬಳದ ಲೋಳೆ ಒರೆಸಿದರೆ ಹೋಗುವುದೇ, ಆಯುಧಪೂಜೆಯ ಮಾರನೆಯ ದಿನ ಅರ್ಧ ಬೆಂಗಳೂರು ಸ್ಕೂಟರಿನಿಂದ ಬೀಳುವುದು ಯಾತರಿಂದ, ಮೈದುನ ಚಿಕ್ಕವೆಂಕಟಪ್ಪ ಮೆಜೆಸ್ಟಿಕ್ಕಿನ ಹತ್ತಿರ ಸೈಕಲ್ಲು ಸಮೇತ ಜಾರಿ ಕೈ ಮುರಿದುಕೊಂಡದ್ದು ಯಾತರಿಂದ, ಒಂದು ಬೀಜ ಸಾಕು, ಹಿಮ್ಮಡಿಯ ಕೆಳಗೆ ಒಂದೇ ಬೀಜ, ಲಕ್ಕಮ್ಮ ಎದ್ದು ನಿಂತಳು, ಚಿಕ್ಕಮುನಿ, ನಾನು ಕೆಳಕ್ಕೆ ಹೋಗ್ಬೇಕು, ಏನಕ್ಕಾ, ಬಾತ್ರೂಮಿಗಾ, ಅಲ್ಲ ಕಣೆ, ಅವಳು ಜಾರ್ತಾಳೆ, ಯಾರು, ಶಿವಕುಮಾರಿ ಕಣೆ, ನನ್ನ ಕುಂಬಳಕಾಯಿ ಒಳಗೆ ಒಡ್ದವ್ನೆ, ಹಿಂದಿನಿಂದ ಯಾರೋ, ರೀ, ಕೂತ್ಕೊಳ್ರೀ, ನಿಮ್ಮ ಬೆನ್ನು ನೋಡೋಕೆ ಬಂದಿದೀವಾ ನಾವು, ಅಂದರು, ಎಡಕ್ಕೆ ನೋಡಿದರೆ ಸಾಲು ತುಂಬ ಮೊಣಕಾಲುಗಳು, ಬಲಕ್ಕೆ ನೋಡಿದರೂ ಮೊಣಕಾಲುಗಳು, ಸಾಲು ದಾಟಿ, ಮೆಟ್ಟಿಲು ಇಳಿದು, ವರಾಂಡ ಸುತ್ತಿ, ಹಿಂಬಾಗಿಲು ತಟ್ಟಿ, ಯಾರೋ ತೆಗೆದು, ಅಷ್ಟರಲ್ಲಿ, ಅಷ್ಟರಲ್ಲಿ ಮೃದಂಗ ಎತ್ತರಿಸಿತು, ಅವಳಿಗೆ ಗೊತ್ತು ಈ ಏರು, ಬೇಡ ಬಿಲ್ಲು ಎತ್ತುವ ಏರು, ಇದಾದ ಮೇಲೆ ಕೊಳಲು ಒಮ್ಮೆ ಕೂಗುತ್ತದೆ, ಕೂಗಿದ್ದೇ ಜಿಂಕೆ ಓಡಿಬರುತ್ತದೆ, ಕೂಗಿ ಹೇಳಲೇ, ಇಲ್ಲಿಂದಲೇ ಅಮ್ಮಣ್ಣಿ ನಿಂತ್ಕೋ ಅನ್ನಲೇ, ನಿಂತರೆ ಬೀಳುವುದಿಲ್ಲ, ಆದರೆ ನಿಂತರೆ ಹಾರಲಿಲ್ಲ ಅಂತಾಯಿತು, ಕಮಿಟಿಯವರು ಮುಂದಿನ ಸಾಲಿನಲ್ಲೇ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದಾರೆ, ನಿಲ್ಲಿಸಿದರೆ ನಾನೇ ಅವಳ ಜಿಂಕೆ ಕಿತ್ತುಕೊಂಡ ಹಾಗೆ, ಸುಮ್ಮನಿದ್ದರೆ ನಾನೇ ಬೀಳಿಸಿದ ಹಾಗೆ, ಕೂತ್ಕೋ ಅಕ್ಕಾ, ಎಂದು ತಂಗಿ ಸೆರಗು ಹಿಡಿದು ಎಳೆದಳು, ಅವಳ ಕಾಲು ಅವಳಿಗೆ ಗೊತ್ತಿರ್ತದೆ, ಬರಿಗಾಲಲ್ಲವಾ, ನೆಲ ಒದ್ದೆಯಾಗಿದ್ರೆ ಗೊತ್ತಾಗಲ್ವಾ, ಹೌದು, ಬೂಟಿಲ್ಲ, ಬರಿಗಾಲು, ಬರಿಗಾಲಿಗೆ ಗೊತ್ತಾಗುತ್ತದೆ, ಮರವಾಗಿ ನಿಂತಾಗಲೇ ನೆಲವನ್ನು ಹಿಡಿದುಕೊಂಡಿದ್ದವಳು, ಗೊತ್ತಾಗುತ್ತದೆ, ಗೊತ್ತಾಗಲಿ, ಅಣ್ಣಮ್ಮ ತಾಯಿ, ಗೊತ್ತಾಗಲಿ, ಮತ್ತೆ ಕಣ್ಣು ಅಲ್ಲಿಗೇ ಹೋಗುತ್ತದೆ, ಅಂಚಿನಲ್ಲಿ, ಹಸಿರು ಬೆಳಕಿನಲ್ಲಿ ಕಪ್ಪುಗೆಂಪಾಗಿ ಕಾಣುವ ಆ ಹೆಜ್ಜೆ.

ಕೊಳಲು ಕೂಗಿತು, ಸೈಡ್‌ವಿಂಗಿನ ಕತ್ತಲಲ್ಲಿ ಅವಳು, ಕಂದು ಬಟ್ಟೆ, ಮಂಡಿಗೆ ಅದೇ ಕಂದು ಬಣ್ಣದ ಪಟ್ಟಿ, ಯಾರಿಗೂ ಕಾಣದ ಹಾಗೆ ಕಟ್ಟಿದ್ದಾಳೆ, ಬಾಲ್ಕನಿಗೆ ಕಾಣುತ್ತದೆ, ತಲೆ ಎತ್ತಿ ವಾಸನೆ ಹಿಡಿದಳು, ಜಿಂಕೆಯ ಹಾಗೆ, ಒಂದು ಕಾಲು ನೆಲಕ್ಕೆ ಊರಿ ಒಮ್ಮೆ ಹಿಂದಕ್ಕೆ ಉಜ್ಜಿದಳು, ಗೊರಸು ಕೆರೆದ ಹಾಗೆ, ಇದು ಮೊದಲು ಇರಲಿಲ್ಲ, ಇಷ್ಟು ವರ್ಷದಲ್ಲಿ ಒಂದು ಸಲವೂ ಇರಲಿಲ್ಲ, ಗೊತ್ತಾಗಿದೆ, ಅವಳಿಗೆ ಗೊತ್ತಾಗಿದೆ, ಒದ್ದೆ ಎಂದು ಗೊತ್ತಾಗಿಯೂ ಬರುತ್ತಿದ್ದಾಳೆ, ಚಿಕ್ಕಮುನಿ ಕಡಲೆಕಾಯಿ ಬಿಟ್ಟು ಅಕ್ಕನ ಕೈ ಹಿಡಿದುಕೊಂಡಳು, ಓಡಿದಳು, ಓಡುತ್ತಿದ್ದಾಳೆ, ಎಷ್ಟು ಚೆಂದ ಓಡುತ್ತಾಳೆ, ಆ ಸೊಂಟ, ಆ ಕತ್ತು, ಎಂದು ಆಸೆ ಎದೆಯಿಂದ ಕಣ್ಣಿಗೆ ಏರಿದ್ದೇ ಲಕ್ಕಮ್ಮ ಬೆಚ್ಚಿದಳು, ಈ ಕಣ್ಣೇ ಅಲ್ಲವೇ, ಬೇರೆ ಯಾರ ಕಣ್ಣನ್ನು ಮುಚ್ಚಿಸಲು ತನ್ನಿಂದ ಆದೀತು, ಇದೊಂದು ಆಗುತ್ತದೆ, ಎಷ್ಟು ಕಾದಿದ್ದೆ ಈ ನೆಗೆತಕ್ಕೆ, ಇರಲಿ, ಇವರೆಲ್ಲ ನೋಡಲಿ, ಎಂದು ಅವಳು ಎರಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿದಳು, ಕತ್ತಲು, ಗೆಜ್ಜೆ, ಗೆಜ್ಜೆ, ಗೆಜ್ಜೆ, ಆಮೇಲೆ ಗೆಜ್ಜೆ ಇಲ್ಲ, ಏನೂ ಇಲ್ಲ, ಇಡೀ ಕಲಾಮಂದಿರದಲ್ಲಿ ಒಬ್ಬರ ಉಸಿರೂ ಇಲ್ಲ, ಇದು ಆ ಗಳಿಗೆ, ಈಗ ಮೇಲಿದ್ದಾಳೆ, ಈಗಲೂ ಮೇಲಿದ್ದಾಳೆ, ಇಷ್ಟು ಹೊತ್ತು ಮೇಲಿರಲು ಯಾರಿಂದ ಸಾಧ್ಯ, ಇಳಿಯಮ್ಮ, ಇಳಿ, ಗೆಜ್ಜೆ ಝಲ್ ಎಂದಿತು, ಒಂದೇ ಸಲ, ಗಟ್ಟಿಯಾಗಿ, ಹಿಂದೆಯೇ ಬೀಳುವ ಸದ್ದು ಬರಬೇಕಿತ್ತು, ಬರಲಿಲ್ಲ, ಬಂದದ್ದು ಚಪ್ಪಾಳೆ, ಮೊದಲು ಕೆಳಗೆ, ಆಮೇಲೆ ಬಾಲ್ಕನಿ, ಬೆನ್ನು ಅಂದವರು ಸಿಳ್ಳೆ ಹಾಕುತ್ತಿದ್ದಾರೆ, ಅಕ್ಕಾ, ನೋಡ್ದಾ, ಹಾರೇಬಿಟ್ಲು ಕಣಕ್ಕ, ಮೇಲೇ ನಿಂತಿದ್ಲು, ನೋಡ್ದಾ ನೀನು, ಎಂದು ತಂಗಿ ಅಲುಗಿಸಿದಳು, ಲಕ್ಕಮ್ಮ ಕಣ್ಣು ಬಿಟ್ಟಳು, ಜಿಂಕೆ ಆಚೆ ದಡದಲ್ಲಿ ಮರಿಯ ಕತ್ತಿಗೆ ಕತ್ತು ಒರಗಿಸಿ ನಿಂತಿದೆ, ಪಕ್ಕೆ ಏರಿಳಿಯುತ್ತಿದೆ, ಮಲ್ಲಿಕಾರ್ಜುನಯ್ಯನವರು ಎದುರಿನ ಸೈಡ್‌ವಿಂಗಿನಲ್ಲಿ ಕನ್ನಡಕ ತೆಗೆದು ಶಲ್ಯದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಆಯಿತು, ಹಾರಿದಳು, ಜಿಂಕೆ ಅವಳದೇ, ನಾನೊಬ್ಬಳು ನೋಡಲಿಲ್ಲ, ನೋಡ್ದೆ ಕಣೆ, ಎಂದು ತಂಗಿಗೆ ಸುಳ್ಳು ಹೇಳಿದಳು, ಆ ಇಬ್ಬರು ನೀಲಿ ಬಟ್ಟೆಯನ್ನು ಸುತ್ತಿ ಎತ್ತಿಕೊಂಡರು, ಹೊಳೆ ಬತ್ತಿತು, ದೀಪ ಬಿಳಿಯಾಯಿತು, ಬಿಳಿ ಬೆಳಕಿನಲ್ಲಿ ಹಲಗೆ ಬೋಳಾಗಿ ಕಂಡಿತು, ಹಲಗೆಯ ಮೇಲೆ, ಹೊಳೆಯ ಈಚೆಗೆ, ಓಡಿಬಂದ ಹೆಜ್ಜೆಗಳ ಕೊನೆಯಲ್ಲಿ, ಒಂದು ಸಣ್ಣ ಪಾದ, ಐದು ಬೆರಳೂ ಬಿಡಿಬಿಡಿಯಾಗಿ ಒತ್ತಿವೆ, ಕೆಂಪು, ಮುಂದಿನದು ಎಲ್ಲಿ, ಲಕ್ಕಮ್ಮನ ಕಣ್ಣು ಹಲಗೆಯಿಂದ ಹಲಗೆಗೆ ಹುಡುಕಿಕೊಂಡು ಹೋಯಿತು, ಇಲ್ಲ, ಇಲ್ಲಿಲ್ಲ, ಇನ್ನೂ ಇಲ್ಲ, ಅಯ್ಯೋ ಇಷ್ಟು ದೂರವೇ, ಅಗೋ ಅಲ್ಲಿ, ಆಚೆ ದಡದಲ್ಲಿ, ಜಾರಿದ ಗೆರೆಯಿಲ್ಲದೆ, ಅಂಚು ಕೂಡ ಕಲಸದೆ, ಅದೇ ಪುಟ್ಟ ಕೆಂಪು ಪಾದ, ಒಂದು ಈಚೆ, ಒಂದು ಆಚೆ, ನಡುವೆ ಬರೀ ಹಲಗೆ, ಅಷ್ಟಗಲ, ಬರೀ ಹಲಗೆ —